ನಿಧಾನದ ಪರೀಕ್ಷೆಗೆ ಅವಸರದ ಲೆಕ್ಕ

ಕಾರಿನ ಬಂಪರ್ ಹಿಂದೆ ಕ್ರ್ಯಾಶ್ ಬಾಕ್ಸ್ ಎಂಬ ಟೊಳ್ಳು ಕೊಳವೆ ಇರುತ್ತದೆ. ಡಿಕ್ಕಿಯಾದಾಗ ಮಡಿಕೆ ಮಡಿಕೆಯಾಗಿ ಕುಗ್ಗಿ ಪೆಟ್ಟು ನುಂಗುವುದು ಅದರ ಕೆಲಸ. ಪ್ರಯೋಗಾಲಯದಲ್ಲಿ ಇಂಥ ಅಲ್ಯೂಮಿನಿಯಂ ಕೊಳವೆಯನ್ನು ಯುಟಿಎಂ ಎಂಬ ಪರೀಕ್ಷಾ ಯಂತ್ರದ ತಟ್ಟೆಗಳ ನಡುವೆ ನಿಲ್ಲಿಸಿ ನಿಧಾನವಾಗಿ ಅಮುಕುವುದುಂಟು. ನಿಮಿಷಕ್ಕೆ 10 ಮಿ.ಮೀ.ನಂತೆ ಒತ್ತಿದರೆ 100 ಮಿ.ಮೀ. ಕುಗ್ಗಲು 10 ನಿಮಿಷ.

ಇದನ್ನೇ ಕಾಲವನ್ನು ಪುಟ್ಟ ಪುಟ್ಟ ಹೆಜ್ಜೆಗಳಲ್ಲಿ ದಾಟುತ್ತ ಲೆಕ್ಕ ಹಾಕುವ ಎಕ್ಸ್‌ಪ್ಲಿಸಿಟ್ ತಂತ್ರಾಂಶಕ್ಕೆ ಒಪ್ಪಿಸಿದರೆ ತಾಪತ್ರಯ ಶುರು. ಅದು ಹುಟ್ಟಿದ್ದೇ ಅವಸರದ ಘಟನೆಗಳಿಗಾಗಿ. 1976ರಲ್ಲಿ ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ಜಾನ್ ಹಾಲ್‌ಕ್ವಿಸ್ಟ್ ಡೈನಾ-3ಡಿ ಬರೆದದ್ದು ಬಾಂಬು ನೆಲಕ್ಕೆ ಬಡಿಯುವುದನ್ನು ಲೆಕ್ಕ ಹಾಕಲು! ಹಾಗಿದ್ದರೂ ಇದೇ ಏಕೆ ಬೇಕೆಂದರೆ, ಮಡಿಕೆಗಳು ಒಂದಕ್ಕೊಂದು ತಾಗತೊಡಗಿದಾಗ ಪ್ರತಿ ಹೆಜ್ಜೆಯಲ್ಲೂ ಸಮತೋಲ ಹುಡುಕುವ ಇಂಪ್ಲಿಸಿಟ್ ವಿಧಾನ ಎಷ್ಟೋ ಸಲ ಉತ್ತರಕ್ಕೆ ಬಾರದೆ ನಿಂತುಬಿಡುತ್ತದೆ.

ಕೊಳವೆಯನ್ನು 2 ಮಿ.ಮೀ. ತುಣುಕುಗಳಾಗಿ ವಿಂಗಡಿಸಿದ್ದೇವೆ ಎನ್ನಿ. ಅಲ್ಯೂಮಿನಿಯಂನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 5,000 ಮೀಟರ್. ಅಲೆ ಒಂದು ತುಣುಕು ದಾಟುವಷ್ಟರೊಳಗೆ ಲೆಕ್ಕದ ಒಂದು ಹೆಜ್ಜೆ ಮುಗಿಯಬೇಕು; ಕೊರಂಟ್, ಫ್ರೀಡ್ರಿಕ್ಸ್, ಲೆವಿ 1928ರಲ್ಲೇ ಹೇಳಿಟ್ಟ ಷರತ್ತಿದು. ಅಂದರೆ ಒಂದು ಹೆಜ್ಜೆಗೆ 0.4 ಮೈಕ್ರೊಸೆಕೆಂಡ್, 10 ನಿಮಿಷಕ್ಕೆ 150 ಕೋಟಿ ಹೆಜ್ಜೆ. ಯಾರು ಕಾಯುತ್ತಾರೆ?

ಹಾಗಾಗಿ ಲೆಕ್ಕದಲ್ಲಿ ತಟ್ಟೆಯನ್ನು ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಇಳಿಸುತ್ತಾರೆ. ಎರಡೂವರೆ ಲಕ್ಷ ಹೆಜ್ಜೆಗೆ ಕೆಲಸ ಮುಗಿಯಿತು. ಇನ್ನೊಂದು ದಾರಿ ಮಾಸ್ ಸ್ಕೇಲಿಂಗ್: ಸಾಂದ್ರತೆಯನ್ನು 100 ಪಟ್ಟು ಏರಿಸಿದರೆ ಹೆಜ್ಜೆ 10 ಪಟ್ಟು ಉದ್ದವಾಗುತ್ತದೆ. ವೇಗಕ್ಕೆ ತಕ್ಕಂತೆ ಬಲ ಬದಲಿಸುವ ಲೋಹವಾದರೆ ಎರಡನೆಯದೇ ವಾಸಿ, ಅಲ್ಲಿ ಗಡಿಯಾರವನ್ನು ಮುಟ್ಟುವುದಿಲ್ಲ.

ಎರಡರಲ್ಲೂ ಜಡತ್ವದ ಕಾಟ ಇದ್ದದ್ದೇ. ವೇಗ ಅತಿಯಾದರೆ ಮೇಲಿನ ತುದಿ ಜಜ್ಜಿಹೋಗುತ್ತದೆ, ಕೆಳಗಿನ ತುದಿಗೆ ಸುದ್ದಿಯೇ ಮುಟ್ಟಿರುವುದಿಲ್ಲ. ಅದಕ್ಕೇ ತಟ್ಟೆಯನ್ನು ಒಮ್ಮೆಲೇ ನುಗ್ಗಿಸದೆ, ನಯವಾಗಿ ವೇಗ ಏರಿಸಬೇಕು. ಮೇಲಿನ ತಟ್ಟೆಯ ಬಲವೂ ಬುಡದ ಬಲವೂ ಹೊಂದಬೇಕು. ಚಲನಶಕ್ತಿ, ಕೊಳವೆ ಹೀರಿದ ಆಂತರಿಕ ಶಕ್ತಿಯ ಸುಮಾರು ಶೇಕಡಾ 5ನ್ನು ಮೀರಬಾರದೆಂಬುದು ರೂಢಿ. ತೀರ ಆರಂಭದ ಕ್ಷಣಕ್ಕೆ ಮಾತ್ರ ಈ ಅಳತೆ ಹೊಂದದು, ಆಗ ಹೀರಿದ ಶಕ್ತಿಯೇ ಸೊನ್ನೆಗೆ ಹತ್ತಿರ. ನನಗಂತೂ ಇವುಗಳಲ್ಲಿ ಬುಡದ ಬಲದ ಮೇಲೇ ಹೆಚ್ಚು ನಂಬಿಕೆ.

ನಿಮ್ಮಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳಿದ್ದೀರಿ. ಪ್ರಾಜೆಕ್ಟ್ ವರದಿಯಲ್ಲಿ ಬಣ್ಣದ ಮಡಿಕೆಗಳ ಚಿತ್ರ ಹಾಕುವ ಮುನ್ನ ಎರಡು ತುದಿಗಳ ಬಲದ ಹೋಲಿಕೆ, ಚಲನಶಕ್ತಿ-ಆಂತರಿಕ ಶಕ್ತಿಗಳ ಹೋಲಿಕೆ, ಈ ಎರಡು ಗ್ರಾಫ್‌ಗಳನ್ನು ಹಾಕಿ.