ಉಳಿಗೆ ಗಡಿಯಿಲ್ಲ



ಕನ್ನಡ ನಾಡು ಒಂದೆಂಬುದಕ್ಕೆ ಸಾಕ್ಷಿಯನ್ನು ನಾವು ಗ್ರಂಥಗಳಲ್ಲಿಯೇ ಅರಸಬೇಕಾಗಿಲ್ಲ. ಕಲ್ಲುಕುಟಿಗನ ಉಳಿಯೂ ಅದನ್ನೇ ನುಡಿಯುವುದು. ಮೊದಲು ಐಹೊಳೆ, ಪಟ್ಟದಕಲ್ಲುಗಳಲ್ಲಿ ನಮ್ಮ ಶಿಲ್ಪಿಗಳು ಮರಳುಗಲ್ಲನ್ನು ಕಡೆದರು. ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಅವರ ಕೈ ಬಳಪದ ಕಲ್ಲಿಗೆ ಒಗ್ಗಿತು. ನೆಲದಿಂದ ತೆಗೆದೊಡನೆ ಈ ಕಲ್ಲು ಮೃದು, ಗಾಳಿಗೊಡ್ಡಿದಂತೆಲ್ಲ ಗಡಸಾಗುವುದು. ಆದುದರಿಂದಲೇ ಸಣ್ಣ ಉಳಿಯಿಂದ ಒಡವೆಯ ಒಂದೊಂದು ಎಳೆಯನ್ನೂ ಬಿಡಿಸುವುದು ಅವರಿಗೆ ಸಾಧ್ಯವಾಯಿತು.

ಲಕ್ಕುಂಡಿಯ ಗುಡಿಗಳಲ್ಲಿ, 1112ರ ಇಟಗಿಯ ಮಹಾದೇವಾಲಯದಲ್ಲಿ, 1117ರ ಬೇಲೂರಿನಲ್ಲಿ ಈ ವಿದ್ಯೆ ಬೆಳಗಿತು. ಬೇಲೂರಿನ ಮದನಿಕೆಯರನ್ನು ಕಡೆದ ದಾಸೋಜನೂ ಆತನ ಮಗ ಚಾವಣನೂ ಬಳ್ಳಿಗಾವೆಯವರು. ಚಾಲುಕ್ಯ ಸೀಮೆಯಿಂದ ಹೊಯ್ಸಳರ ಗುಡಿಗೆ ಬಂದವರು. ಅವರನ್ನು ಯಾವ ಗಡಿಯೂ ತಡೆಯಲಿಲ್ಲ.

ಮುಂದೆ ಪರರ ಆಳಿಕೆಯಲ್ಲಿ ಲಕ್ಕುಂಡಿ ಮುಂಬಯಿ ಪ್ರಾಂತಕ್ಕೂ, ಇಟಗಿ ನಿಜಾಮನ ಸೀಮೆಗೂ ಸೇರಿದವು, ಬೇಲೂರು ಮೈಸೂರಿನಲ್ಲುಳಿಯಿತು. 1956ರ ನವೆಂಬರ್ 1ರಂದು ಮೂರೂ ಮತ್ತೆ ಒಂದಾದವು.

ಭೂಪಟವು ಕೂಡಿತು; ಕೈವಿದ್ಯೆಯೋ ಕುಂದುತ್ತಿದೆ. ಉಪಾಧ್ಯಾಯರೇ, ನಿಮ್ಮೂರಿನ ಕಲ್ಲುಕುಟಿಗನ ಬಳಿಗೆ ಮಕ್ಕಳನ್ನು ಕರೆದೊಯ್ಯಿರಿ. ಆತನ ಒಂದೊಂದು ಉಳಿಯ ಹೆಸರನ್ನೂ, ಕಲ್ಲಿನ ಗುಣವನ್ನು ಆತನು ಅರಿಯುವ ಬಗೆಯನ್ನೂ ಕೇಳಿ ಬರೆದಿಡಿರಿ. ಆ ಮಾತುಗಳು ಅಳಿದರೆ, ಕೂಡಿದ ನಾಡಿನಲ್ಲಿಯೂ ನಾವು ಬಡವರೇ ಸರಿ.