ಮುನ್ನೆಚ್ಚರಿಕೆ ಮೊದಲು ಬರೆಯಿರಿ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಮಕ್ಕಳೇ, ನೀವು ಕುಳಿತಿರುವ ಜಾಗದಲ್ಲಿ ನಾನೂ ಕುಳಿತವನು. ಭಾಷಣ ಯಾವಾಗ ಮುಗಿಯುತ್ತದೋ ಎಂದು ಕಾಯುವ ಕಷ್ಟ ನನಗೆ ಗೊತ್ತು. ಹಾಗಾಗಿ ಒಂದೇ ವಿಷಯ ಹೇಳಿ ಕುಳಿತುಕೊಳ್ಳುತ್ತೇನೆ. ಅದು ಈ ಶಾಲೆಯಲ್ಲೇ ಕಲಿತ ವಿಷಯ, ಆಮೇಲೆ ನಾನು ಮರೆತ ವಿಷಯ.

ಒಂಬತ್ತನೇ ತರಗತಿಯಲ್ಲಿ ವಿಜ್ಞಾನದ ಮೇಷ್ಟ್ರು ನಮ್ಮಿಂದ ಪ್ರಯೋಗದ ರೆಕಾರ್ಡ್ ಬರೆಸುತ್ತಿದ್ದರು. ಉದ್ದೇಶ, ಬೇಕಾಗುವ ಸಾಮಗ್ರಿಗಳು, ವಿಧಾನ, ಅವಲೋಕನ, ತೀರ್ಮಾನ, ಕೊನೆಗೆ ಮುನ್ನೆಚ್ಚರಿಕೆ. ಪುಸ್ತಕದಲ್ಲಿ ಇದ್ದ ಕ್ರಮ ಇದು. ಮೇಷ್ಟ್ರು ಮಾತ್ರ ಮುನ್ನೆಚ್ಚರಿಕೆಯನ್ನು ಎಲ್ಲಕ್ಕಿಂತ ಮೇಲೆ, ಕೆಂಪು ಶಾಯಿಯಲ್ಲಿ ಬರೆಯಿಸುತ್ತಿದ್ದರು. "ನೀರಿಗೆ ಆಮ್ಲ ಹಾಕಬೇಕು, ಆಮ್ಲಕ್ಕೆ ನೀರು ಹಾಕಬಾರದು ಅಂತ ಕೊನೆಯಲ್ಲಿ ಬರೆದರೆ, ಓದುವವನು ಅಲ್ಲಿಗೆ ಬರುವಷ್ಟರಲ್ಲಿ ಕೈ ಸುಟ್ಟುಕೊಂಡಿರುತ್ತಾನಲ್ಲಯ್ಯ" ಎನ್ನುತ್ತಿದ್ದರು. ಇನ್ನೊಂದು ಪದ್ಧತಿಯೂ ಇತ್ತು. ನಾವು ಬರೆದದ್ದನ್ನು ಪಕ್ಕದ ಬೆಂಚಿನವರಿಗೆ ಕೊಟ್ಟು, ಅದನ್ನು ಮಾತ್ರ ಓದಿ ಪ್ರಯೋಗ ಮಾಡಲು ಹೇಳುತ್ತಿದ್ದರು. ನಾವು ಬಾಯಿ ಬಿಡುವಂತಿರಲಿಲ್ಲ. ಅವರು ಎಲ್ಲಿ ನಿಂತು ಬಿಡುತ್ತಿದ್ದರೋ ಅಲ್ಲಿ ನಮ್ಮ ಅಂಕ ಹೋಗುತ್ತಿತ್ತು.

ಈಗ ನನ್ನ ಕೆಲಸಕ್ಕೆ ಬರುತ್ತೇನೆ. ನಾನು ಕಂಪ್ಯೂಟರ್ ತಂತ್ರಾಂಶ ಬರೆಯುವವನು. ಸಂಬಳದ ಕೆಲಸ ಮುಗಿದ ಮೇಲೆ, ಬಿಡುವಿನಲ್ಲಿ ಮುಕ್ತ ತಂತ್ರಾಂಶಕ್ಕೂ ಒಂದಿಷ್ಟು ದುಡಿಯುತ್ತೇನೆ. ಮುಕ್ತ ತಂತ್ರಾಂಶ ಎಂದರೆ ಒಳಗಿನ ಬರವಣಿಗೆಯನ್ನು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ಹಂಚಬಹುದು ಎಂಬ ಒಪ್ಪಿಗೆಯೊಡನೆ ಬಿಡುಗಡೆಯಾದದ್ದು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಇಂಥದ್ದು. ನಿಮ್ಮ ಮನೆಯ ಆಂಡ್ರಾಯ್ಡ್ ಫೋನಿನ ತಳದಲ್ಲಿ ಇರುವುದೂ ಅದೇ. ಫೈರ್‌ಫಾಕ್ಸ್, ಲಿಬ್ರೆಆಫೀಸ್ ಕೂಡ ಮುಕ್ತ ತಂತ್ರಾಂಶಗಳೇ. ಇಂಥ ತಂತ್ರಾಂಶ ಕೆಟ್ಟರೆ ಬಂದು ಸರಿಮಾಡಿಕೊಡುವ ಅಂಗಡಿಯವನು ಸಾಮಾನ್ಯವಾಗಿ ಇರುವುದಿಲ್ಲ. ಬಳಸುವವರಿಗೆ ಆಸರೆ ಎಂದರೆ ಅದರ ಜೊತೆಗಿರುವ ಬರಹ. ಅದನ್ನು ನಾವು ಡಾಕ್ಯುಮೆಂಟೇಶನ್ ಎನ್ನುತ್ತೇವೆ. ಇಲ್ಲಿ ಕೈಪಿಡಿ ಎಂದು ಕರೆಯೋಣ.

ಕೆಲವು ವರ್ಷಗಳ ಹಿಂದೆ ನಾನೊಂದು ಚಿಕ್ಕ ತಂತ್ರಾಂಶ ಬರೆದೆ. ಹಿಂದೆ ಕನ್ನಡವನ್ನು ಟೈಪ್ ಮಾಡುತ್ತಿದ್ದ ಫಾಂಟ್‌ಗಳಲ್ಲಿ ಕನ್ನಡ ಅಕ್ಷರದ ಚೂರುಗಳನ್ನು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಜಾಗದಲ್ಲಿ ಕೂರಿಸಿರುತ್ತಿದ್ದರು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ಚಿಹ್ನೆಗಳ ರಾಶಿ. ಯುನಿಕೋಡ್ ಬಂದ ಮೇಲೆ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಆದ ಸಂಖ್ಯೆ ಸಿಕ್ಕಿತು. ಹಳೆಯ ಕಡತವನ್ನು ಯುನಿಕೋಡಿಗೆ ತರುವುದು ನನ್ನ ತಂತ್ರಾಂಶದ ಕೆಲಸ. ಅದಕ್ಕೆ ನಾನು ಬರೆದ ಕೈಪಿಡಿ ನಾಲ್ಕೇ ಸಾಲು. ಆ ನಾಲ್ಕು ಸಾಲಿನ ಬಗ್ಗೆ ನನಗೆ ಹೆಮ್ಮೆಯೂ ಇತ್ತು.

ಒಂದು ದಿನ ನಿವೃತ್ತ ಶಿಕ್ಷಕಿಯೊಬ್ಬರು ಫೋನ್ ಮಾಡಿದರು. ಅವರ ತಾಯಿ ಹಾಡುತ್ತಿದ್ದ ಸೋಬಾನೆ ಪದಗಳನ್ನು, ತಾಯಿ ಬದುಕಿದ್ದಾಗ ಪಕ್ಕದಲ್ಲಿ ಕುಳಿತು ಒಂದೊಂದಾಗಿ ಹಾಡಿಸಿಕೊಂಡು, ಹಳೆಯ ಫಾಂಟಿನಲ್ಲಿ ಟೈಪ್ ಮಾಡಿಟ್ಟಿದ್ದರು. ಒಟ್ಟು 61 ಪದಗಳು. ಮೊಮ್ಮಕ್ಕಳು ಮೊಬೈಲಿನಲ್ಲಿ ಓದಲಿ ಎಂದು ನನ್ನ ತಂತ್ರಾಂಶಕ್ಕೆ ಆ ಕಡತವನ್ನು ಕೊಟ್ಟಿದ್ದರು. ಅವರ ಫಾಂಟ್ ಬೇರೆ, ನನ್ನ ತಂತ್ರಾಂಶಕ್ಕೆ ಗೊತ್ತಿದ್ದ ಫಾಂಟ್ ಬೇರೆ. ಗುರುತು ಸಿಗದ ಚಿಹ್ನೆಗಳನ್ನೆಲ್ಲ ಅದು ಬಿಟ್ಟುಬಿಟ್ಟಿತು. ಉಳಿದದ್ದನ್ನು ಅದೇ ಹೆಸರಿನಲ್ಲಿ, ಹಳೆಯ ಕಡತದ ಮೇಲೆಯೇ ಬರೆಯಿತು. ಮೊದಲು ಒಂದು ಪ್ರತಿ ಇಟ್ಟುಕೊಳ್ಳಿ ಎಂಬ ಮಾತು ನನ್ನ ನಾಲ್ಕು ಸಾಲಿನಲ್ಲಿ ಇರಲಿಲ್ಲ.

ಅವರು ನನ್ನನ್ನು ಬಯ್ಯಲಿಲ್ಲ. "ನೀವು ಹೇಳಿದ ಹಾಗೇ ಮಾಡಿದೆ ಸರ್, ನನ್ನಿಂದ ಎಲ್ಲಿ ತಪ್ಪಾಯಿತು?" ಎಂದು ಕೇಳಿದರು. ತಪ್ಪು ನಿಮ್ಮದಲ್ಲ ಮೇಡಂ, ನನ್ನದು ಎಂದೆ. ಹಳೆಯ ಪ್ರಿಂಟುಗಳಿಂದ, ನೆನಪಿನಿಂದ 38 ಪದಗಳು ಮತ್ತೆ ಸಿಕ್ಕವು. ಉಳಿದ 23 ಎಲ್ಲಿಯೂ ಇಲ್ಲ. ಹಾಡಿದ ತಾಯಿ ಆ ಹೊತ್ತಿಗಾಗಲೇ ತೀರಿಕೊಂಡಿದ್ದರು.

ಆ ರಾತ್ರಿ ಮೇಷ್ಟ್ರ ಕೆಂಪು ಶಾಯಿ ನೆನಪಾಯಿತು.

ಮರುವಾರ ನಾನೇ ಆ ಶಿಕ್ಷಕಿಗೆ ಫೋನ್ ಮಾಡಿ, ನನ್ನ ಕೈಪಿಡಿಯನ್ನು ಗಟ್ಟಿಯಾಗಿ ಓದುತ್ತಾ ಹೋಗಿ, ಅರ್ಥವಾಗದ ಕಡೆ ನಿಲ್ಲಿ ಎಂದು ಕೇಳಿಕೊಂಡೆ. ನಾಲ್ಕು ಸಾಲಿನಲ್ಲಿ ಹನ್ನೊಂದು ಕಡೆ ನಿಂತರು. "ಟರ್ಮಿನಲ್ ತೆರೆಯಿರಿ ಅಂತ ಇದೆ. ಟರ್ಮಿನಲ್ ಅಂದರೆ ಯಾವುದು ಸರ್?" "ಸರಿಯಾದ ಫಾಂಟ್ ಆರಿಸಿ ಅಂತ ಇದೆ. ನನ್ನದು ಯಾವ ಫಾಂಟ್ ಅಂತ ನೋಡೋದು ಹೇಗೆ?" ನಮ್ಮ ಅಜ್ಜಿ ಹುಳಿಪುಡಿ ಮಾಡುವುದನ್ನು ಹೇಳಿಕೊಡುವಾಗ "ಹದವಾಗಿ ಹುರಿ" ಎನ್ನುತ್ತಿದ್ದರು. ಹದ ಎಂದರೇನು ಎಂದು ಕೇಳಿದರೆ "ಗೊತ್ತಾಗುತ್ತೆ ಬಿಡು" ಎನ್ನುವರು. ಅವರಿಗೆ ಗೊತ್ತಾಗುತ್ತಿತ್ತು, ನನ್ನ ಮೆಣಸಿನಕಾಯಿ ಕಪ್ಪಾಗುತ್ತಿತ್ತು. ನನ್ನ ಕೈಪಿಡಿಯೂ ಅಜ್ಜಿಯ ಹದದ ಹಾಗೆಯೇ ಇತ್ತು.

ಅದನ್ನು ಹೊಸದಾಗಿ ಬರೆಯಲು ಕುಳಿತಾಗ, ಚೆನ್ನಾಗಿ ಬರೆದವರು ಹೇಗೆ ಬರೆದಿದ್ದಾರೆ ಎಂದು ಹುಡುಕಿದೆ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ 1971ರಲ್ಲಿ ಯೂನಿಕ್ಸ್ ವ್ಯವಸ್ಥೆಗೆ ಕೈಪಿಡಿ ಬರೆದರು. ಅದರಲ್ಲಿ ಒಂದೊಂದು ಆಜ್ಞೆಗೂ ಹೆಸರು, ಬಳಸುವ ರೀತಿ, ವಿವರಣೆ ಎಂಬ ಶೀರ್ಷಿಕೆಗಳ ಜೊತೆಗೆ 'ಬಗ್ಸ್' ಎಂಬ ಶೀರ್ಷಿಕೆಯೂ ಇದೆ. ಎಂದರೆ, ಇದರಲ್ಲಿ ಇರುವ ದೋಷಗಳು. ಮಾಡಿದವರೇ ತಮ್ಮ ಕೆಲಸದ ಕುಂದನ್ನು ಬರೆದು ಒಪ್ಪಿಕೊಂಡಿದ್ದಾರೆ. ಲಿನಕ್ಸ್ ಕೈಪಿಡಿಯ ಪುಟಗಳಲ್ಲಿ ಈ ಪದ್ಧತಿ ಇಂದಿಗೂ ಉಳಿದಿದೆ.

ಅಮೆರಿಕದ ಕಾನ್ಸಾಸ್ ರಾಜ್ಯದ ಲಾರೆನ್ಸ್ ಎಂಬ ಊರಿನ ಪತ್ರಿಕಾ ಕಚೇರಿಯಲ್ಲಿ ಹುಟ್ಟಿ, 2005ರಲ್ಲಿ ಮುಕ್ತವಾಗಿ ಬಿಡುಗಡೆಯಾದ ಜಾಂಗೋ ಎಂಬ ತಂತ್ರಾಂಶ ತನ್ನ ಕೈಪಿಡಿಗೇ ಹೆಸರುವಾಸಿ. ಅದರ ಮೊದಲ ಪಾಠ ಹೊಸಬನ ಕೈಯಲ್ಲಿ ಮತದಾನದ ಒಂದು ಚಿಕ್ಕ ಜಾಲತಾಣವನ್ನು ಕಟ್ಟಿಸುತ್ತದೆ. ಇಷ್ಟು ಮಾಡಿದ ಮೇಲೆ ಪರದೆಯ ಮೇಲೆ ಇದು ಕಾಣಬೇಕು ಎಂದು ನಡುನಡುವೆ ತೋರಿಸುತ್ತದೆ. ಕಂಡರೆ ಧೈರ್ಯ ಬರುತ್ತದೆ. ಕಾಣದಿದ್ದರೆ ಎಲ್ಲಿ ತಪ್ಪಿತೆಂದು ಅಲ್ಲೇ ತಿಳಿಯುತ್ತದೆ. ಕೈಪಿಡಿ ಅಂದವಾಗಿರಬೇಕು ಎನ್ನುತ್ತಾರೆ. ಬಣ್ಣ, ಚಿತ್ರ ಇರಲಿ. ಆದರೆ ಓದುವವನನ್ನು ಮುಂದಿನ ಪುಟಕ್ಕೆ ಕರೆದೊಯ್ಯುವುದು ಈ ಧೈರ್ಯ.

ಡ್ಯಾನಿಯೆಲೆ ಪ್ರೊಚಿದಾ ಎಂಬವರು ಕೈಪಿಡಿಯ ಬರಹದಲ್ಲಿ ನಾಲ್ಕು ಬಗೆ ಎಂದು ವಿಂಗಡಿಸಿದ್ದಾರೆ. ಅದನ್ನು ಸೈಕಲ್ಲಿನ ಉದಾಹರಣೆಯಿಂದ ಹೇಳುತ್ತೇನೆ. ಹಿಂದೆ ಸೀಟು ಹಿಡಿದುಕೊಂಡು ಓಡಿ ಬಂದು ಕಲಿಸುವುದು ಒಂದು ಬಗೆ. ಪಂಕ್ಚರ್ ಹಾಕುವುದು ಹೇಗೆ ಎಂದು ಹೇಳುವುದು ಇನ್ನೊಂದು. ಬಿಡಿಭಾಗಗಳ ಹೆಸರು, ಅಳತೆಗಳ ಪಟ್ಟಿ ಮೂರನೆಯದು. ಓಡುವ ಸೈಕಲ್ ಯಾಕೆ ಬೀಳುವುದಿಲ್ಲ ಎಂದು ವಿವರಿಸುವುದು ನಾಲ್ಕನೆಯದು. ನಾಲ್ಕೂ ಬೇಕು, ಆದರೆ ಒಂದೇ ಉಸಿರಿನಲ್ಲಿ ಬೇಡ. ಇನ್ನೂ ಹತ್ತಲು ಬಾರದ ಹುಡುಗನಿಗೆ ಅಳತೆಯ ಪಟ್ಟಿ ಕೊಟ್ಟರೆ ಅವನು ಸೈಕಲ್ಲನ್ನೇ ಬಿಟ್ಟು ಹೋಗುತ್ತಾನೆ.

ನನ್ನ ಹೊಸ ಕೈಪಿಡಿಯ ಮೊದಲ ಸಾಲಿಗೆ ಮುನ್ನೆಚ್ಚರಿಕೆ ಎಂದು ಶೀರ್ಷಿಕೆ ಕೊಟ್ಟು, "ಈ ತಂತ್ರಾಂಶ ನಿಮ್ಮ ಮೂಲ ಕಡತವನ್ನು ಅಳಿಸಿ ಅದರ ಮೇಲೆಯೇ ಬರೆಯುತ್ತದೆ" ಎಂದು ಬರೆದೆ. ಓದಿಕೊಂಡಾಗ ನನಗೇ ನಾಚಿಕೆಯಾಯಿತು. ಅದು ಹಾಗೇಕೆ ಮಾಡಬೇಕು? ಕೈಪಿಡಿಯನ್ನು ಬದಿಗಿಟ್ಟು ಮೊದಲು ತಂತ್ರಾಂಶವನ್ನು ತಿದ್ದಿದೆ. ಈಗ ಅದು ಮೂಲವನ್ನು ಮುಟ್ಟುವುದಿಲ್ಲ, ಬೇರೆ ಹೆಸರಿನಲ್ಲಿ ಹೊಸ ಕಡತ ಮಾಡುತ್ತದೆ. ಗುರುತು ಸಿಗದ ಚಿಹ್ನೆ ಬಂದರೆ ನಿಂತು ಕೇಳುತ್ತದೆ. ನಮ್ಮ ಕೆಲಸವನ್ನು ಇನ್ನೊಬ್ಬರಿಗೆ ತಿಳಿಯುವಂತೆ ಬರೆಯಲು ಹೊರಟಾಗಲೇ ಅದರ ಕುಂದು ನಮಗೆ ಕಾಣುವುದು. ಆ ನಾಲ್ಕು ಸಾಲನ್ನು ಮೊದಲೇ ಮನಸ್ಸಿಟ್ಟು ಬರೆದಿದ್ದರೆ ಆ 23 ಪದಗಳು ಉಳಿಯುತ್ತಿದ್ದವು.

ಮಕ್ಕಳೇ, ನಿಮ್ಮಲ್ಲಿ ಕೆಲವರು ಮುಂದೆ ತಂತ್ರಾಂಶ ಬರೆಯಬಹುದು. ಹಲವರು ಬರೆಯದಿರಬಹುದು. ಆದರೆ ಇವತ್ತು ನಿಮ್ಮೆಲ್ಲರ ಹತ್ತಿರ ಒಂದು ಆಸ್ತಿ ಇದೆ, ನನ್ನ ಹತ್ತಿರ ಅದು ಉಳಿದಿಲ್ಲ. ಅದು ಗೊತ್ತಿಲ್ಲದಿರುವುದು. ಕಲಿತ ಮೇಲೆ, ಕಲಿಯುವಾಗ ಎಲ್ಲಿ ಎಡವಿದೆವೆಂದು ಮರೆತುಹೋಗುತ್ತದೆ. ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಒಂದು ನೋಟ್‌ಬುಕ್ ಇಡಿ. ಯಾವುದಾದರೂ ಕೆಲಸ ಕಲಿಯುವಾಗ ಎಲ್ಲಿ ನಿಂತಿರಿ, ಹೇಗೆ ದಾಟಿದಿರಿ ಎಂದು ಅವತ್ತೇ ಕನ್ನಡದಲ್ಲಿ ಬರೆಯಿರಿ. ಮುಂದಿನ ವರ್ಷ ಬರುವ ತಮ್ಮಂದಿರಿಗೆ, ತಂಗಿಯರಿಗೆ ಅದೇ ಕೈಪಿಡಿ. ಫೈರ್‌ಫಾಕ್ಸ್, ಲಿಬ್ರೆಆಫೀಸ್‌ಗಳನ್ನು ಕನ್ನಡಕ್ಕೆ ತಂದಿರುವುದು ಹೀಗೆ ಮನಸ್ಸಿಟ್ಟು ಕುಳಿತವರೇ. ಮುಕ್ತ ತಂತ್ರಾಂಶದಲ್ಲಿ ಕೈಪಿಡಿಯ ಒಂದು ತಪ್ಪು ಸಾಲನ್ನು ತಿದ್ದಿ ಕಳಿಸಿದರೂ ಅದು ಕೊಡುಗೆಯೇ.

ಬರೆದ ಮೇಲೆ ಪಕ್ಕದ ಬೆಂಚಿನವರಿಗೆ ಕೊಟ್ಟು ಓದಿಸಿ. ಅವರು ಓದುವಾಗ ಬಾಯಿ ಬಿಡಬೇಡಿ. ಅವರು ಎಲ್ಲಿ ನಿಂತರೋ ಅಲ್ಲಿ ತಪ್ಪು ನಿಮ್ಮದು.

ಇದನ್ನು ನನಗೆ ಕಲಿಸಿದ ಮೇಷ್ಟ್ರು ಈಗಲೂ ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಸರ್, ಆ ರೆಕಾರ್ಡಿನಲ್ಲಿ ನೀವು ಕಳೆದ ಅಂಕ ಸರಿಯಾಗಿಯೇ ಇತ್ತು.