ಹೆಪ್ಪುಗಟ್ಟುವ ಮುನ್ನ

ದೀಪ ಹಚ್ಚಲು ಮೂರು ಸಲ ನೋಡಿದೆವು, ಅಕ್ಟೋಬರಿನ ಈ ಗಾಳಿ ಬಿಡಲಿಲ್ಲ. ಹಾಗಾಗಿ ಉದ್ಘಾಟನೆ ಹಸಿರು ಬಾವುಟದಿಂದಲೇ. ಅದಕ್ಕೆ ಮೊದಲು ಎರಡು ಮಾತು.

"ಎಲೆ ಉದುರೋ ಕಾಲದಲ್ಲಿ ಹಿತ್ತಲ ರೈಲಿನ ಪ್ರದರ್ಶನ ಯಾಕಪ್ಪಾ?" ಎಂದು ಬೆಂಗಳೂರಿನಿಂದ ಇಲ್ಲಿಗೆ, ಜರ್ಮನಿಗೆ, ಬಂದಿರುವ ನಮ್ಮತ್ತೆ ಬೆಳಿಗ್ಗೆ ಕೇಳಿದರು. ಬೇಸಿಗೆಯಲ್ಲಿ ರೈಲು ಓಡಿಸಿ ತೋರಿಸುವುದು ಸುಲಭ, ಅತ್ತೆ. ಇವತ್ತು ತೋರಿಸುವುದು ಅದನ್ನು ಚಳಿಗೆ ಅಣಿ ಮಾಡುವ ಕೆಲಸ.

ಈ ಹಳಿಯ ಅಗಲ 45 ಮಿಲಿಮೀಟರ್. 1968ರಲ್ಲಿ ನ್ಯೂರೆಂಬರ್ಗಿನ ಲೇಮನ್ ಕಂಪನಿ ಎಲ್‌ಜಿಬಿ ಎಂಬ ಹೆಸರಿನಲ್ಲಿ, ಮಳೆ ಬಿಸಿಲಿಗೆ ಹೊರಗೇ ಬಿಡಬಹುದಾದ ಈ ಮಾದರಿ ರೈಲನ್ನು ತಂದಿತು. ಅಳತೆ 1:22.5. ಗುಣಿಸಿ ನೋಡಿ, ಸುಮಾರು ಒಂದು ಮೀಟರ್. ಅಂದರೆ ನಮ್ಮಲ್ಲಿ ಹಲವರು ಚಿಕ್ಕಂದಿನಲ್ಲಿ ಬೆಂಗಳೂರು–ಮೈಸೂರು ಓಡಾಡಿದ ಅದೇ ಮೀಟರ್ ಗೇಜ್! ಮದ್ದೂರು ವಡೆ ಮಾರುವವನನ್ನು ಹತ್ತಿಸುವುದೊಂದು ಬಾಕಿ.

ಮೊದಲ ವರ್ಷ ನಾನು ಬಲು ಜಾಣನಂತೆ ಹಳಿಯನ್ನು ಗಾರೆಯಲ್ಲಿ ಕೂರಿಸಿದ್ದೆ. ಇನ್ನು ಜನ್ಮಕ್ಕೂ ಅಲುಗದು ಎಂದು ಹೆಂಡತಿಯೆದುರು ಕೊಚ್ಚಿಕೊಂಡದ್ದೂ ಉಂಟು. ನೀರು ಹೆಪ್ಪುಗಟ್ಟಿದರೆ ಅದರ ಗಾತ್ರ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಶಾಲೆಯಲ್ಲಿ ಓದಿದ್ದೆ, ನೆನಪಾಗಲಿಲ್ಲ. ನೆಲದ ತೇವ ಮಂಜುಗಡ್ಡೆಯಾಗಿ ಮಣ್ಣನ್ನೇ ಎತ್ತಿತು. ಮಾರ್ಚಿನಲ್ಲಿ ನೋಡಿದರೆ ಗಾರೆ ಬಿರಿದಿದೆ, ಹಳಿ ಹಾವಿನಂತೆ ಹೊರಳಿದೆ. ಎಲ್ಲ ಕಿತ್ತು, ಜಲ್ಲಿಯ ಮೇಲೆ ಸುಮ್ಮನೆ ಮಲಗಿಸಿದೆ. ಈಗ ನೆಲ ಎದ್ದರೆ ಹಳಿಯೂ ಏಳುತ್ತದೆ, ನೆಲ ಇಳಿದರೆ ತಾನೂ ಇಳಿಯುತ್ತದೆ. ವಸಂತದಲ್ಲಿ ಒಂದಿಷ್ಟು ಜಲ್ಲಿ ಸುರಿದು ಮಟ್ಟ ಮಾಡಿದರಾಯಿತು. ಹಳಿಯ ಹಿತ್ತಾಳೆಗೂ ಮೈಮುರಿಯಲು ಜಾಗ ಬೇಕು. ಬೇಸಿಗೆಯ ಬಿಸಿಲಿಗಿಂತ ನಲವತ್ತು ಡಿಗ್ರಿ ಇಳಿದರೆ ಹತ್ತು ಮೀಟರ್ ಹಳಿ ಏಳೂವರೆ ಮಿಲಿಮೀಟರಿನಷ್ಟು ಕುಗ್ಗುತ್ತದೆ. ಎಲ್ಲ ಜೋಡಣೆಗಳನ್ನೂ ಬಿಗಿದು ಕಟ್ಟಬೇಡಿ, ಅಲ್ಲಲ್ಲಿ ಜಾರುವಂತೆ ಬಿಡಿ.

ಹಾಗಾದರೆ ಈ ವಾರ ಏನು ಮಾಡುವುದು? ಹಳಿ ಹೊರಗೇ ಇರಲಿ. ಟ್ರಾನ್ಸ್‌ಫಾರ್ಮರ್, ಮರದ ಸ್ಟೇಷನ್ನು, ಗೊಂಬೆ ಪ್ರಯಾಣಿಕರು ಒಳಗೆ ಬರಲಿ. ಪೊರಕೆ ಹಿಡಿಯಿರಿ: ಎಲೆ ಕೊಳೆತರೆ ಜಲ್ಲಿಯ ಸಂದು ಮುಚ್ಚುತ್ತದೆ, ನೀರು ಇಂಗದೆ ನಿಲ್ಲುತ್ತದೆ, ಮತ್ತೆ ಅದೇ ಮಂಜುಗಡ್ಡೆಯ ಕಥೆ. ಸುರಂಗದ ಬಾಯಿಗೆ ಏನಾದರೂ ಅಡ್ಡವಿಡಿ, ಇಲ್ಲದಿದ್ದರೆ ಇಲಿ ಸಂಸಾರ ಹೂಡುತ್ತದೆ. ಹಿಮ ಬಿದ್ದಾಗ ಬೀದಿಗೆ ಎರಚುವ ಉಪ್ಪನ್ನು ಹಳಿಯ ಹತ್ತಿರ ತರಲೇಬೇಡಿ.

ನಿಜವಾದ ಉಗಿ ಎಂಜಿನ್ ಇಟ್ಟುಕೊಂಡವರಿಗೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ: ಬಾಯ್ಲರ್, ತೊಟ್ಟಿ, ಕೊಳವೆ ಎಲ್ಲದರ ನೀರು ಬಸಿಯಿರಿ. ಒಳಗೆ ಉಳಿದ ಒಂದು ಗುಟುಕು ಸಾಕು, ಬೆಸುಗೆ ಬಿಡಿಸಲು. ಚಳಿಯಿಂದ ಬೆಚ್ಚನೆಯ ಕೋಣೆಗೆ ತಂದ ಎಂಜಿನ್ ಮೈಯೆಲ್ಲ ಬೆವರುತ್ತದೆ. ಒರೆಸಿ, ಆರಿಸಿ, ಆಮೇಲೆ ಡಬ್ಬಕ್ಕೆ ಹಾಕಿ.

ಅಗೋ, ಮುಂದಿನ ಎಂಜಿನ್ನಿಗೆ ಹಿಮ ತಳ್ಳುವ ಹಲಗೆ ಕಟ್ಟಿದ್ದಾರೆ. ಹಿಮ ಇನ್ನೂ ಬಂದಿಲ್ಲ, ಇವತ್ತು ಎಲೆ ತಳ್ಳಲಿ. ಪುಟ್ಟೀ, ಬಾವುಟ ಎತ್ತಮ್ಮಾ.